ಸುಡದ ಹಲ್ಲು

ನಾಲಿಗೆಗೆ ಇರುವ ಹಲ್ಲುಗಳ ಮೇಲೆ ವಿಶ್ವಾಸವಿಲ್ಲ, ಹೋದ ಹಲ್ಲಿನ ಮೇಲೆಯೇ ಮೋಹ. ಬಾಯಿ ತುಂಬ ಹಲ್ಲಿದ್ದಾಗ ಒಂದು ದಿನವೂ ಅವುಗಳ ಯೋಗಕ್ಷೇಮ ಕೇಳದೆ ರುಚಿ ನೋಡಿಕೊಂಡು ಬಿದ್ದಿರುವ ಈ ಮಾಂಸದ ತುಂಡು, ಒಂದು ಹಲ್ಲು ಬಿದ್ದಿತೋ, ಆ ಕುಳಿಗೆ ದಿನಕ್ಕೆ ನೂರು ಸಲ ಹೋಗಿ ತಡವಿ ಬರುತ್ತದೆ, ಬದುಕಿದ್ದಾಗ ಒಂದು ಲೋಟ ನೀರು ಕೊಡದ ನೆಂಟರು ತಿಥಿಗೆ ತಪ್ಪದೆ ಬಂದು ಕೂತಂತೆ. ನಂಬದಿದ್ದರೆ ಈಗಲೇ ನಿಮ್ಮ ಬಾಯೊಳಗೆ ಗಮನ ಕೊಡಿ. ಹೋಯಿತಲ್ಲ? ನಿಮಗಿನ್ನೂ ಕುಳಿ ಬಿದ್ದಿಲ್ಲವಾದರೆ ಪುಣ್ಯವಂತರು; ನನ್ನ ಮಾತು ಮುಂದೆ ಉಪಯೋಗಕ್ಕೆ ಬಂದೀತು.

ನನ್ನ ಕುಳಿ ಕೆಳದವಡೆಯ ಬಲಗಡೆ ಇತ್ತು. ಬೇರೆಯವರಿಗೆ ಒಂದು ಹಲ್ಲು ಹೋದರೆ ಹೋದದ್ದು ಒಂದು ಹಲ್ಲು. ನನಗೆ ಹೋದದ್ದು ಕಸುಬು. ಗಂಡ ತೀರಿಕೊಂಡ ಮೇಲೆ ಹಾಸನದಲ್ಲಿ ಕೋಡುಬಳೆ ಕರಿದು ಅಂಗಡಿಗಳಿಗೆ ಹಾಕಿ ಬದುಕು ಮಾಡಿದವಳು ನಾನು. ಕೋಡುಬಳೆ ಬೆಂದಿದೆಯೋ ಇಲ್ಲವೋ ಎಂದು ಎಲ್ಲರೂ ಬಣ್ಣ ನೋಡಿ ಹೇಳುತ್ತಾರೆ. ಬಣ್ಣ ಮೋಸ ಮಾಡುತ್ತದೆ. ನಾನು ಬಾಣಲೆಯಿಂದ ಒಂದನ್ನು ತೆಗೆದು, ಆರಿಸಿ, ಬಲಗಡೆ ಹಲ್ಲಿನಲ್ಲಿ ಕಡಿದು, ಅದರ ಸದ್ದನ್ನು ಕೇಳುತ್ತಿದ್ದೆ. ಕಿವಿಯಿಂದಲ್ಲ, ಹಲ್ಲಿನಿಂದ. ಒಳಗೆ ಹಸಿ ಉಳಿದಿದ್ದರೆ ಆ ಹಲ್ಲು ನನಗೆ ಹೇಳುತ್ತಿತ್ತು. ಅದು ಹೋದ ಮೇಲೆ ನನ್ನ ದವಡೆ ಕಿವುಡಾಯಿತು.

ಹಲ್ಲುಸೆಟ್ಟು ಹಾಕಿಸಿಕೊ ಎಂದರು. ನಮ್ಮ ಓಣಿಯ ಮುದುಕಿಯೊಬ್ಬಳ ಮನೆಯಲ್ಲಿ ಸ್ಟೀಲ್ ಲೋಟಕ್ಕೆ ಕಾಫಿ ಬಗ್ಗಿಸಲು ಹೋಗಿ, ತಳದಲ್ಲಿ ಅವಳ ಹಲ್ಲುಸೆಟ್ಟು ನನ್ನನ್ನು ನೋಡಿ ನಕ್ಕಿದ್ದನ್ನು ನಾನು ಮರೆತಿಲ್ಲ. ಮುದುಕಿ ಹೊರಗೆ ಜಗಲಿಯಲ್ಲಿ ಬೊಚ್ಚುಬಾಯಿ ಮುಚ್ಚಿಕೊಂಡು ಗಂಭೀರವಾಗಿ ಕೂತಿದ್ದಳು. ಅವಳ ನಗು ಮಾತ್ರ ಒಳಗೆ ಲೋಟದಲ್ಲಿತ್ತು. ಆಳು ಒಂದು ಕಡೆ, ನಗು ಒಂದು ಕಡೆ ಆಗುವ ಈ ಏರ್ಪಾಡು ನನಗೆ ಒಗ್ಗಲಿಲ್ಲ.

ಅಷ್ಟರಲ್ಲಿ ನಮ್ಮಕ್ಕ ಪುಟ್ಟತಾಯಮ್ಮನಿಗೂ ಹಲ್ಲು ಬಿತ್ತು. ಅದೂ ಕೆಳದವಡೆ, ಅದೂ ಬಲಗಡೆ. ಅವಳನ್ನು ಕೊಟ್ಟದ್ದು ಚನ್ನರಾಯಪಟ್ಟಣದ ಹತ್ತಿರದ ಒಂದು ಹಳ್ಳಿಗೆ. ಮಗ ಲೋಕೇಶನ ಜೊತೆ ತೆಂಗಿನ ತೋಟದ ಮನೆಯಲ್ಲಿದ್ದಳು. ಹಲ್ಲುನೋವಿಗೆಂದು ಚಿಕ್ಕಂದಿನಲ್ಲಿ ಶುರುಮಾಡಿದ ಲವಂಗವನ್ನು ನೋವು ಹೋದರೂ ಬಿಟ್ಟವಳಲ್ಲ. ಸದಾ ಬಲಗಡೆ ಒಂದು ಲವಂಗ. ಅವಳು ಬಾಗಿಲಿಗೆ ಬರುವ ಮೊದಲು ವಾಸನೆ ಬರುತ್ತಿತ್ತು. ನನ್ನ ಕೋಡುಬಳೆಯನ್ನು ಜನ್ಮದಲ್ಲಿ ಒಂದು ಸಲ ಹೊಗಳಲಿಲ್ಲ. "ಕಲ್ಲು ಕಣೆ ಕೆಂಪಿ ಇದು, ಕ್ವಾಡುಬಳೆ ಅಲ್ಲ. ಇನ್ನೊಂದ್ ಚೂರು ಮೆತ್ತಗೆ ಮಾಡು" ಎನ್ನುವಳು. ಮೆತ್ತಗೆ ಬೇಕಾದರೆ ಇಡ್ಲಿ ತಿನ್ನು ಎಂದು ನಾನು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿರಬೇಕು. ಹಾಸನದಲ್ಲಿ ಹೊಸದಾಗಿ ಬಂದ ಒಬ್ಬ ಲೇಡಿ ಡಾಕ್ಟರು ಮೂಳೆಯಲ್ಲೇ ಹಲ್ಲು ನೆಡುತ್ತಾರೆ ಎಂದು ಕೇಳಿ, ಇಬ್ಬರೂ ಒಂದೇ ದಿನ ಹೋದೆವು. ದವಡೆಗೆ ಬಡಗಿ ಬೈರಿಗೆ ಹಾಕುವಂತೆ ತೂತು ಕೊರೆದು, ಒಂದು ಸ್ಕ್ರೂ ತಿರುಗಿಸಿ ಕೂರಿಸಿ, ತಿಂಗಳುಗಟ್ಟಲೆ ಬಿಟ್ಟು, ಆಮೇಲೆ ಅದರ ನೆತ್ತಿಗೆ ಹಲ್ಲಿನ ಟೋಪಿ ಹಾಕುವ ಕೆಲಸ.

"ಅಮ್ಮ, ಇದು ಟೈಟೇನಿಯಂ. ಇದು ಹೊರಗಿನ ವಸ್ತು ಅಂತ ಮೂಳೆಗೆ ಅನ್ಸಲ್ಲ. ತಾನೇ ಬೆಳೆದು ಹಿಡ್ಕೊಂಡ್‌ಬಿಡುತ್ತೆ" ಎಂದರು ಡಾಕ್ಟರು.

"ಹಿಡ್ಕಂಡ್ ಮ್ಯಾಕೆ ಬುಡದೇ ಇಲ್ವಾ ತಾಯಿ?" ಎಂದಳು ಅಕ್ಕ.

"ಬಿಡಲ್ಲ."

"ಸುಟ್ರೂವೆ?"

ಡಾಕ್ಟರು ನಕ್ಕರು. ಅಕ್ಕ ನಗಲಿಲ್ಲ. ಕೊನೆಗೆ ಡಾಕ್ಟರೇ, "ಇಲ್ಲಮ್ಮ, ಇದು ಸುಡಲ್ಲ" ಎಂದು ಒಪ್ಪಿಕೊಂಡರು.

ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಒಂದು ಕಡೆ ಕೆನ್ನೆ ಊದಿಸಿಕೊಂಡು, ಹತ್ತಿ ಕಚ್ಚಿಕೊಂಡು, ಅಕ್ಕ ನನ್ನ ಕೈ ಹಿಡಿದಳು. "ಕೆಂಪಿ, ಮೊದ್ಲು ಓಗೋಳ್ದನ್ನ ಉಳ್ಕಂಡೋಳು ನೋಡ್ಕಬೇಕು. ಬೂದೀಲಿ ಬಿಟ್ಬುಡಬ್ಯಾಡ ಕಣೆ. ಅರ್ಧ ಓಗಿ ಅರ್ಧ ಇಲ್ಲೇ ಬಿದ್ದಿರೋದು ನಂಗಾಗಕ್ಕಿಲ್ಲ." ಆಯ್ತು ಎಂದೆ. ಬಾಯಿ ಮರಗಟ್ಟಿದ್ದಾಗ ಕೊಟ್ಟ ಮಾತು. ಆದರೂ ಮಾತು ಮಾತೇ.

ಅವಳು ಹಾಗೆ ಕೇಳಿದ್ದಕ್ಕೆ ಹಳೆಯ ಕಾರಣವೊಂದಿತ್ತು. ಅರಕಲಗೂಡಿನ ಹತ್ತಿರ ನಮ್ಮ ತವರು. ಹಾಲುಹಲ್ಲು ಬಿದ್ದರೆ ಸಗಣಿಯಲ್ಲಿ ಉಂಡೆ ಕಟ್ಟಿ ಹೆಂಚಿನ ಮೇಲೆ ಎಸೆಯುವುದು ನಮ್ಮ ಶಾಸ್ತ್ರ. ಉರುಳಿ ಕೆಳಗೆ ಬಂದರೆ ಹೊಸ ಹಲ್ಲು ಚೆನ್ನಾಗಿ ಬರುವುದಿಲ್ಲ ಎಂದು ನಂಬಿಕೆ. ನಿಮ್ಮ ಮನೆಯಲ್ಲೂ ಎಸೆದಿರುತ್ತೀರಿ, ಇಲ್ಲ ಅನ್ನಬೇಡಿ. ನನ್ನ ಈ ಬಲಗಡೆಯ ಹಾಲುಹಲ್ಲು ಮೂರು ಸಲ ಎಸೆದರೂ ಮೂರು ಸಲವೂ ಟಕ್ ಟಕ್ ಎಂದು ಉರುಳಿ ನನ್ನ ಕಾಲ ಬಳಿಯೇ ಬಂದು ಬಿತ್ತು. ನಾನು ಅತ್ತೆ. ಅಕ್ಕ ಸುಮ್ಮನೆ ಹುಲ್ಲಿನ ಮೆದೆ ಹತ್ತಿ ಮಾಡಿಗೆ ದಾಟಿ, ನಾಲ್ಕನೆಯ ಸಲ ನಾನು ಎಸೆದ ಉಂಡೆ ಉರುಳಿ ಬರುವಾಗ ಅಂಚಿನಲ್ಲಿ ಅಂಗೈ ಅಡ್ಡ ಇಟ್ಟು ತಡೆದು, ಮೇಲೆ ಒಯ್ದು ನೆತ್ತಿಯ ಹೆಂಚಿನ ಸಂದಿಗೆ ತುರುಕಿ ಬಂದಳು. ಅವ್ವನಿಂದ ಎರಡು ಏಟೂ ತಿಂದಳು. ನನ್ನ ಹಲ್ಲು ಹೋಗಬೇಕಾದ ಜಾಗಕ್ಕೆ ಹೋಗುವ ಹಾಗೆ ಅವಳು ನೋಡಿಕೊಂಡಳು.

ನೆಟ್ಟ ಹಲ್ಲಿನ ವಿಷಯಕ್ಕೆ ಬರುತ್ತೇನೆ. ಅದು ಕಡಿಯುತ್ತದೆ, ಅಗಿಯುತ್ತದೆ, ಆದರೆ ಏನನ್ನೂ ಹೇಳುವುದಿಲ್ಲ. ಬಿಸಿ ಗೊತ್ತಿಲ್ಲ, ತಣ್ಣಗೆ ಗೊತ್ತಿಲ್ಲ. ಸ್ವಂತ ಹಲ್ಲಿಗೆ ಡಾಕ್ಟರು ಕಡ್ಡಿಯಿಂದ ತಟ್ಟಿದರೆ ಮಂದವಾಗಿ ತಟ್ಟಿದಂತಾಗುತ್ತದೆ. ಇದಕ್ಕೆ ತಟ್ಟಿದರೆ ಠಣ್ ಎನ್ನುತ್ತದೆ. ಪಂಕ್ತಿಯಲ್ಲಿ ಎಲ್ಲರ ಜೊತೆ ಕೂತು ಉಣ್ಣುತ್ತಾ, ಮಾತಾಡದೆ, ನಗದೆ, ಎಲೆಯನ್ನು ಮಾತ್ರ ಖಾಲಿ ಮಾಡುವ ಅಪರಿಚಿತನ ಪಕ್ಕದಲ್ಲಿ ಕೂತಂತೆ ನನ್ನ ಉಳಿದ ಹಲ್ಲುಗಳಿಗೆ ಅನಿಸಿರಬೇಕು. ಕೋಡುಬಳೆ ನೋಡುವುದನ್ನು ನಾನು ಎಡಗಡೆಗೆ ಬದಲಾಯಿಸಿಕೊಂಡೆ. ಎಡಗಡೆ ಅಷ್ಟು ಚುರುಕಲ್ಲ, ಹೇಗೋ ನಡೆಯಿತು.

ನಾಲ್ಕು ವರ್ಷ ಕಳೆಯಿತು. ಒಂದು ಮಧ್ಯಾಹ್ನ ಉಂಡು ಕೈತೊಳೆದ ಅಕ್ಕ ಜಗಲಿಯಲ್ಲಿ ಒರಗಿದವಳು ಏಳಲಿಲ್ಲ. ಒಳ್ಳೆಯ ಸಾವು. ತೋಟದ ಅಂಚಿನಲ್ಲೇ ಸುಟ್ಟರು. ಮೂರನೆಯ ದಿನ ಹಾಲುತುಪ್ಪಕ್ಕೆ ಹೋದಾಗ, ಬೂದಿಗೆ ನೀರು ಚಿಮುಕಿಸಿ ಮೂಳೆ ಆರಿಸುತ್ತಿದ್ದ ದಾಸಯ್ಯ ನಿಂತ. ಸಾವಿನ ಶಾಸ್ತ್ರ ಮಾಡಿಸುತ್ತಾ ಮುದುಕನಾದವನು ಅವನು. ಅವನು ಬೆಚ್ಚಿದ್ದನ್ನು ನಾನು ಅವತ್ತೇ ಕಂಡದ್ದು. ಅವನ ಅಂಗೈಯಲ್ಲಿ ಸ್ಕ್ರೂ ಇತ್ತು. ಮೇಲಿನ ಟೋಪಿ ಉದುರಿಹೋಗಿ, ಬೆಂಕಿಗೆ ನೀಲಿ, ನೇರಳೆ, ಹೊಂಬಣ್ಣ ತಿರುಗಿ, ನವಿಲುಗರಿಯ ಕಣ್ಣಿನ ಹಾಗೆ ಹೊಳೆಯುತ್ತಿತ್ತು. ಮೈಯೆಲ್ಲ ಬೂದಿಯಾದ ಜಾಗದಲ್ಲಿ ಅದೊಂದು ಈಗ ತಾನೇ ಸಿಂಗಾರ ಮಾಡಿಕೊಂಡಂತಿತ್ತು.

"ಏನ್ಲಾ ಲೋಕೇಸ ಇದು?"

"ಅವ್ವನ್ ಹಲ್ಲು ಕಣ್ ದಾಸಯ್ಯ. ಆಸ್ನದಲ್ಲಿ ಹಾಕ್ಸಿದ್ದು."

"ಇದು ಮೂಳೆ ಅಲ್ಲ. ಗಂಗೆಗೆ ಮೂಳೆ ಕೊಡಬೌದು, ಕಬ್ಬುಣ ಕೊಡಕ್ಕಾಯ್ತದಾ? ಬಿಸಾಕು ಅತ್ಲಾಗೆ."

ಲೋಕೇಶ ನನ್ನ ಮುಖ ನೋಡಿದ. ನಾನು ದಾಸಯ್ಯನ ಕೈಯಿಂದ ಅದನ್ನು ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದೆ. 

ಹೊಳೆನರಸೀಪುರದಲ್ಲಿ ಹೇಮಾವತಿಗೆ ಮೂಳೆ ಬಿಟ್ಟೆವು. ಬೆನ್ನು ತಿರುಗಿಸಿ ನಿಂತು ಹೆಗಲ ಮೇಲಿಂದ ಹಾಕಬೇಕು, ಹಿಂದಿರುಗಿ ನೋಡಬಾರದು ಎಂದು ದಾಸಯ್ಯನ ಕಟ್ಟಪ್ಪಣೆ. ಲೋಕೇಶ ಮಡಕೆ ಬಿಡುವಾಗ ನಾನೂ ಬೆನ್ನು ತಿರುಗಿಸಿ, ಗಂಟು ಬಿಚ್ಚಿ, ಕೈಗೆ ಸಿಕ್ಕಿದ್ದನ್ನು ಹೆಗಲ ಮೇಲಿಂದ ಎಸೆದೆ. ಗುಳಕ್ ಎಂದಿತು. ಮಾತು ತೀರಿತು ಎಂದುಕೊಂಡೆ. ಹಾಸನಕ್ಕೆ ಬಂದು ಸೀರೆ ಒಗೆಯುವಾಗ ಒಗೆಯುವ ಕಲ್ಲಿಗೆ ಏನೋ ಠಣ್ ಎಂದಿತು. ನೋಡಿದರೆ ಸ್ಕ್ರೂ. ಬಸ್ಸಿಗೆಂದು ಅದೇ ತುದಿಗೆ ಬೇರೆ ಗಂಟಿನಲ್ಲಿ ಕಟ್ಟಿದ್ದ ನಾಣ್ಯ ಇರಲಿಲ್ಲ. ಅಕ್ಕನ ಹಲ್ಲು ಎಂದು ನಾನು ಹೊಳೆಗೆ ಕೊಟ್ಟದ್ದು ಬಸ್ ಚಾರ್ಜು.

ಅದನ್ನು ಒರೆಸಿ ಸಾಸಿವೆ ಡಬ್ಬಿಯ ಪಕ್ಕ ಇಟ್ಟು, ಮುಂದಿನ ವಾರ ಹೋದರಾಯಿತು ಎಂದುಕೊಂಡೆ. ಎರಡನೆಯ ದಿನವೋ ಮೂರನೆಯ ದಿನವೋ ಬೆಳಿಗ್ಗೆ ಹಿಟ್ಟು ನಾದುವಾಗ, ನಾಲ್ಕು ವರ್ಷ ಸತ್ತಂತಿದ್ದ ನನ್ನ ನೆಟ್ಟ ಹಲ್ಲಿಗೆ ರುಚಿ ಬಂತು. ಲವಂಗದ ರುಚಿ. ನಾನು ಲವಂಗ ಮುಟ್ಟಿರಲಿಲ್ಲ, ಮನೆಯಲ್ಲಿ ಇರಲೂ ಇಲ್ಲ. ಬಾಯಿ ಮುಕ್ಕಳಿಸಿದೆ, ಉಪ್ಪು ತಿಕ್ಕಿದೆ, ಹೋಗಲಿಲ್ಲ. ಸರಿ ಎಂದು ಕರಿಯಲು ಕೂತೆ. ಅಭ್ಯಾಸಬಲವೋ ಏನೋ, ಕೋಡುಬಳೆ ತಾನಾಗಿ ಬಲಗಡೆಗೆ ಹೋಯಿತು. ಕಡಿದೆ. ಹಲ್ಲು ಮಾತಾಡಿತು! ಬೆಂದಿದೆ, ತೆಗಿ ಎಂದಿತು. ನಾಲ್ಕು ವರ್ಷದ ಮೇಲೆ ಕೇಳಿದ ಸಂತೋಷದಲ್ಲಿ ಇಡೀ ದಿನದ್ದನ್ನು ಅದರ ಮಾತಿನಂತೆಯೇ ತೆಗೆದೆ.

ಸಂಜೆ ಅಂಗಡಿಯವರು ಡಬ್ಬಿಗಳನ್ನು ವಾಪಸು ತಂದಿಟ್ಟರು. "ಏನಮ್ಮಾ ಇದು, ಕೋಡುಬಳೆನೋ ಬತ್ತಿನೋ? ಹಿಡಿದ್ರೆ ಬಗ್ಗುತ್ತೆ." ಒಂದನ್ನು ಮುರಿಯಲು ನೋಡಿದೆ. ಮುರಿಯಲಿಲ್ಲ, ಬಳುಕಿತು. ಅಕ್ಕ ಜನ್ಮವಿಡೀ ನನ್ನಲ್ಲಿ ಕೇಳುತ್ತಿದ್ದ ಕೋಡುಬಳೆ ಅದು.

ಮಾರನೆಯ ದಿನ ಎಡಗಡೆಯೇ ಎಂದು ಹಟ ಹಿಡಿದು ಕೂತರೂ, ಬಾಯಿಗೆ ಹಾಕಿದ್ದು ತಾನಾಗಿ ಬಲಕ್ಕೆ ಹೊರಳುತ್ತಿತ್ತು. ವಾರದಲ್ಲಿ ಮೂರು ಅಂಗಡಿ ಕೈಬಿಟ್ಟವು. ಕೊಟ್ಟ ಮಾತು ತಪ್ಪಿದವಳ ಅನ್ನಕ್ಕೆ, ಆ ಮಾತು ಪಡೆದವಳು ಕೈ ಹಾಕಿದ್ದಳು.

ಡಾಕ್ಟರ ಹತ್ತಿರ ಹೋದೆ. ಎಕ್ಸ್‌ರೇ ತೆಗೆದರು. ತಟ್ಟಿದರು, ಠಣ್. "ಎಲ್ಲ ಭದ್ರವಾಗಿದೆ ಅಮ್ಮ. ಇದಕ್ಕೆ ನರನೇ ಇಲ್ಲ, ರುಚಿ ಎಲ್ಲಿಂದ ಬರುತ್ತೆ?" ಎಂದು ನಕ್ಕು ಬಗ್ಗಿದವರು ಮೂಗು ಹಿಂದೆಗೆದರು. "ಎಲ್ಲಾದ್ರೂ ಲವಂಗದ ಎಣ್ಣೆ ಹಾಕಿಸ್ಕೊಂಡ್ರಾ?" ಇಲ್ಲ ಎಂದೆ. ಹಲ್ಲಿನ ಆಸ್ಪತ್ರೆ ಎಂದ ಮೇಲೆ ಲವಂಗದ ಎಣ್ಣೆಯ ವಾಸನೆ ಗೋಡೆಗೇ ಹತ್ತಿರುತ್ತದೆ, ಅದೇ ಇರಬೇಕು ಎಂದು ಅವರೇ ಅವರಿಗೆ ಸಮಾಧಾನ ಹೇಳಿಕೊಂಡರು. ಆದರೆ ನನ್ನ ಬಾಯಿಗೆ ಹಾಕಿದ್ದ ಕನ್ನಡಿಯನ್ನು ಎರಡು ಸಲ ಒರೆಸಿದರು.

ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ನನಗೆ ಹೊಳೆಯಿತು. ದಾಸಯ್ಯ ಹೇಳಿದ್ದು ಸರಿ. ಇದು ಮೂಳೆ ಅಲ್ಲ, ಹೊಳೆಗೆ ಸಲ್ಲುವುದಿಲ್ಲ. ಸಲ್ಲದ್ದಕ್ಕೇ ಹೊಳೆ ನಾಣ್ಯ ಇಟ್ಟುಕೊಂಡು ಇದನ್ನು ಹಿಂದಕ್ಕೆ ಕಳಿಸಿತು. ಇದು ಹಲ್ಲು. ಹಲ್ಲಿಗೆ ನಮ್ಮಲ್ಲಿ ಬೇರೆ ಶಾಸ್ತ್ರವೇ ಇದೆ.

ಮನೆಗೆ ಹೋಗಿ ಸ್ಕ್ರೂವನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡು ಅರಕಲಗೂಡಿನ ಬಸ್ಸು ಹತ್ತಿದೆ. ತವರಿನಲ್ಲಿ ಈಗ ತಮ್ಮನ ಸಂಸಾರ. ಅವನು ಹೊಲಕ್ಕೆ ಹೋಗಿದ್ದ. ಅವನ ಹೆಂಡತಿ ಒಳಗೆ ಅಕ್ಕಿ ಆರಿಸುತ್ತಿದ್ದಳು. ಕೊಟ್ಟಿಗೆಯಿಂದ ಹಸಿ ಸಗಣಿ ತೆಗೆದು ಸ್ಕ್ರೂ ಇಟ್ಟು ಉಂಡೆ ಕಟ್ಟಿದೆ. ನೆತ್ತಿಯ ಮೇಲೆ ಬಿಸಿಲು. ಅರವತ್ತು ದಾಟಿದ ಹೆಂಗಸು ಸೆರಗು ಸಿಕ್ಕಿಸಿಕೊಂಡು ಅಂಗಳದಲ್ಲಿ ನಿಂತು ಮಾಡಿನ ಮೇಲೆ ಸಗಣಿ ಎಸೆಯುವುದನ್ನು ಕಂಡವರು ಏನೆಂದಾರು ಎಂಬ ನಾಚಿಕೆ ಒಂದು ಗಳಿಗೆ ಬಂತು. ಎಸೆದೆ. ಉಂಡೆ ನೆತ್ತಿಯ ಹತ್ತಿರ ಬಿತ್ತು, ಒಂದು ಕ್ಷಣ ನಿಂತಿತು, ಆಮೇಲೆ ಉರುಳಲು ಶುರುಮಾಡಿತು. ಟಕ್. ಟಕ್. ಟಕ್. ಹಿಡಿಯಲು ಸೆರಗೊಡ್ಡಿ ನಿಂತೆ. ಅಂಚಿಗೆ ಬಂದ ಸದ್ದಾಯಿತು.

ಬೀಳಲಿಲ್ಲ.

ಕಾದೆ. ಸ್ವಲ್ಪ ಹೊತ್ತಿಗೆ ಮತ್ತೆ ಸದ್ದು: ಟಕ್, ಟಕ್, ಈ ಸಲ ಮೇಲಕ್ಕೆ. ಅಂಚಿನಿಂದ ನೆತ್ತಿಯವರೆಗೆ ಹೋಗಿ ನಿಂತಿತು.

ತಮ್ಮನ ಹೆಂಡತಿ ಮೊರ ಹಿಡಿದು ಹೊರಗೆ ಬಂದಳು. "ಯಾರತ್ತಿಗೆ ಎಂಚಿನ್ ಮ್ಯಾಲೆ? ಯಾರೋ ನಡ್ದಂಗಾಯ್ತು."

"ಬೆಕ್ಕು" ಎಂದೆ.

"ನಮ್ಮನೇಲಿ ಬೆಕ್ಕೆಲ್ಲೈತೆ?"

ನಾನು ಕೈ ತೊಳೆಯಲು ಹೋದೆ.

ಹಾಸನಕ್ಕೆ ಹಿಂದಿರುಗುವ ಬಸ್ಸಿನಲ್ಲೇ ಲವಂಗ ಹೋಗಿತ್ತು. ಕೋಡುಬಳೆ ಮತ್ತೆ ಕಲ್ಲಿನಂತಾಯಿತು, ಅಂಗಡಿಗಳು ಮರಳಿ ಬಂದವು. ಮೆತ್ತಗಿನದು ಒಂದಾದರೂ ಬರಲಿ ಎಂದು ಒಂದೊಂದು ದಿನ ಬೇಕೆಂದೇ ಬಲಗಡೆ ಕಡಿದು ನೋಡುತ್ತೇನೆ, ಅದು ಮಾತಾಡುವುದಿಲ್ಲ.

ನನ್ನದನ್ನೂ ಹೀಗೇ ಮಾಡು ಎಂದು ಲೋಕೇಶನಿಗೆ ಹೇಳಿಟ್ಟಿದ್ದೇನೆ. "ಆಯ್ತು ಕಣ್ ಚಿಕ್ಕವ್ವ. ಆದ್ರೆ ಮಾವ ಆ ಮನೆ ಕೆಡವಿ ತಾರಸಿ ಹಾಕಿಸ್ತೀನಿ ಅಂತವ್ನೆ. ಒಳ್ಳೇದೇ ಆಯ್ತು ಬುಡು, ತಾರಸಿ ಮ್ಯಾಲಿಂದ ಉರುಳೋದೇ ಇಲ್ಲ" ಎಂದ. ಬುದ್ಧಿವಂತ. ಉರುಳದಿದ್ದರೆ ಮೇಲೆ ತಡೆಯುವವರು ಇದ್ದಾರೋ ಇಲ್ಲವೋ ತಿಳಿಯುವುದು ಹೇಗೆ ಎಂದು ಅವನಿಗೆ ಹೊಳೆಯಲಿಲ್ಲ. ತಾರಸಿಯ ಮಾತು ಬೇಡ, ನಾನು ಹೋಗುವ ತನಕ ಹೆಂಚಿರಲಿ ಎಂದು ತಮ್ಮನನ್ನು ಕೇಳಿದ್ದೇನೆ. ಅವನು ಹೂಂ ಅಂದಿಲ್ಲ, ಉಹೂಂ ಅಂದಿಲ್ಲ.

ನಾಲಿಗೆ ಈಗಲೂ ಅಲ್ಲಿಗೇ ಹೋಗುತ್ತದೆ, ದಿನಕ್ಕೆ ನೂರು ಸಲ. ಕುಳಿ ಇಲ್ಲ, ಹಲ್ಲಿದೆ. ಹಾಗಾದರೆ ಏನು ಹುಡುಕುತ್ತದೋ ಎಂದು ಮೊದಮೊದಲು ಬೈಯುತ್ತಿದ್ದೆ. ಈಗ ಬೈಯುವುದಿಲ್ಲ. ಆಗ ಅದು ಹೋದದ್ದನ್ನು ತಡವುತ್ತಿತ್ತು. ಈಗ ತಡವುತ್ತಿರುವುದು, ನಾನು ಹೋದ ಮೇಲೂ ಉಳಿಯುವುದನ್ನು.