ಸುಂದರಿಯ ಕಫ ಪ್ರಕೃತಿ

ಸುಂದರಿಯದ್ದು ಕಫ ಪ್ರಕೃತಿ ಎಂದು ಅವಳ ಹತ್ತನೆಯ ವಯಸ್ಸಿನಲ್ಲಿ ಪಂಡಿತರೊಬ್ಬರು ನಾಡಿ ಹಿಡಿದು ಹೇಳಿದ್ದರಂತೆ. ತಂಪು ಶರೀರ, ಏನು ಬಂದರೂ ತಡೆದುಕೊಳ್ಳುತ್ತದೆ. ತಂಗಿ ತೃಪ್ತಿಯದ್ದು ಪಿತ್ತ, ಅವಳನ್ನು ಕೆಣಕಬಾರದು. ತಮ್ಮ ಪ್ರವೀತನದ್ದು ವಾತ, ಅವನಿಗೆ ತಲೆಬಿಸಿ ಕೊಡಬಾರದು. ಆ ಮನೆಯಲ್ಲಿ ಕೆಲಸ ಹಂಚಿದ್ದೇ ಹೀಗೆ. ಎಂಥ ಅನುಕೂಲದ ಶಾಸ್ತ್ರ!

ಎಡನೀರಿನ ಹತ್ತಿರದ ನಮ್ಮ ಗಡಿನಾಡ ಶಾಲೆಯಲ್ಲಿ ಸುಂದರಿ ಮಧ್ಯಾಹ್ನದ ಊಟ ಬೇಯಿಸುತ್ತಾಳೆ. ನಾನು ಅಲ್ಲಿ ಕನ್ನಡ ಟೀಚರ್. ಅವಳ ತಾಯಿ ದೇವಕಿಯಮ್ಮ ಹಾಸಿಗೆ ಹಿಡಿದು ಮೂರು ವರ್ಷವಾಯಿತು. ಎತ್ತುವುದು, ತೊಳೆಯುವುದು, ಉಣಿಸುವುದು ಎಲ್ಲ ಸುಂದರಿಯೇ. ತಂಗಿ, ತಮ್ಮ ಭಾನುವಾರ ಬಂದು ಬಾಗಿಲಲ್ಲಿ ನಿಂತು ಮರುಗಿ ಹೋಗುತ್ತಾರೆ. ಈ ವರ್ಷ ಅವಳಿಗೆ ಒಲೆಯ ಮುಂದೆಯೇ ತೂಕಡಿಕೆ ಶುರುವಾಯಿತು. ಸಾಂಬಾರಿಗೆ ಎರಡೆರಡು ಸಲ ಉಪ್ಪು ಬಿತ್ತು. ನಾನೇ ಪ್ರವೀತನಿಗೆ ಫೋನ್ ಮಾಡಿ ಜೋರು ಮಾಡಿದೆ.

"ಆಯ್ತು ಟೀಚರ್, ಅಕ್ಕನಿಗೆ ಆಗುವುದಿಲ್ಲ ಅಂತ ಡಾಕ್ಟರು ಬರೆದು ಕೊಡಲಿ. ಅಮ್ಮನನ್ನು ತಿಂಗಳಿಗೊಬ್ಬರು ನೋಡಿಕೊಳ್ಳುವ" ಎಂದ.

ಅದೇ ವಾರ ಶಾಲೆಯಲ್ಲಿ ಆಯುರ್ವೇದ ಶಿಬಿರವಿತ್ತು. ಯಾವ ಪ್ರಕೃತಿಯವರು ಮನಸ್ಸಿನ ಒತ್ತಡವನ್ನು ಹೇಗೆ ತಾಳುತ್ತಾರೆ ಎಂಬ ಸಮೀಕ್ಷೆ. ಬೇಕಾದ ಚೀಟಿ ಇಲ್ಲೇ ಸಿಕ್ಕೀತೆಂದು ಸುಂದರಿಯನ್ನೂ ಸಾಲಿನಲ್ಲಿ ನಿಲ್ಲಿಸಿದೆ. ಡಾಕ್ಟರಿಗೆ ಕನ್ನಡ ಬಾರದು, ಅನುವಾದಿಸಲು ನಾನಿದ್ದೆ. ಸುಂದರಿಯ ಸರದಿ ಬಂದಾಗ ಮಾತ್ರ ಇರಲಿಲ್ಲ. ಹೆಡ್‌ಮಾಸ್ಟರರ ಜೊತೆ ಫೋಟೋಕ್ಕೆ ನಿಲ್ಲಲು ಹೋಗಿದ್ದೆ. ನನ್ನ ಹಣೆಬರಹಕ್ಕೆ ಬೆಂಕಿ ಹಾಕಬೇಕು.

ಡಾಕ್ಟರು ಮಲಯಾಳದಲ್ಲಿ "ವಿಷಮಂ ಉಂಡೋ?" ಎಂದು ಕೇಳಿದರಂತೆ. ಮನಸ್ಸಿಗೆ ಸಂಕಟ ಇದೆಯೇ ಎಂದರ್ಥ. ಸುಂದರಿಗೆ ಗೊತ್ತಿದ್ದ ವಿಷಮ ಒಂದೇ, ವಿಷಮಶೀತ ಜ್ವರ.

"ಇಲ್ಲ" ಎಂದಳು. "ಸಣ್ಣದಿರುವಾಗ ಒಮ್ಮೆ ಬಂದಿತ್ತು, ಗುಣ ಆಗಿದೆ."

ಡಾಕ್ಟರಿಗೆ ಅರ್ಥವಾದದ್ದು ಆ ಮೊದಲ ಶಬ್ದ ಮಾತ್ರ. ಎರಡು ಭಾಷೆಯಲ್ಲೂ ಅದು ಒಂದೇ. ಕಫ ಪ್ರಕೃತಿ, ಒತ್ತಡವಿಲ್ಲ, ತಾಳುವ ಶಕ್ತಿ ಉತ್ತಮ ಎಂದು ಬರೆದು ಸೀಲು ಹೊಡೆದುಕೊಟ್ಟರು.

ಚೀಟಿ ನನ್ನ ಕಣ್ಣಿಗೆ ಬೀಳುವಷ್ಟರಲ್ಲಿ ಶಿಬಿರ ಮುಗಿದಿತ್ತು. ಭಾನುವಾರ ಅವಳ ಮನೆಗೆ ಹೋಗಿ, ತಂಗಿ ತಮ್ಮಂದಿರನ್ನು ಕೂರಿಸಿ, ಆದ ತಪ್ಪನ್ನು ವಿವರಿಸಿದೆ.

ಪ್ರವೀತ ಚೀಟಿಯನ್ನು ತಿರುಗಿಸಿ ನೋಡಿದ. "ಆದರೆ ಸೀಲು ಉಂಟಲ್ಲ ಟೀಚರ್?"

ಆಗ ಸುಂದರಿ ಅಡುಗೆಮನೆಯಿಂದ ಬಂದಳು. "ಎಂಕ್ ಆಪುಜಿ!" ಎಂದು ತುಳುವಿನಲ್ಲಿ ಕಿರುಚಿದಳು. ನನ್ನಿಂದ ಆಗುವುದಿಲ್ಲ. ಮತ್ತೊಮ್ಮೆ ಕಿರುಚಿದಳು, ಗೋಡೆಗೆ ಕೈ ಬಡಿದಳು. ನಲವತ್ತೆಂಟು ವರ್ಷದಲ್ಲಿ ಅವಳ ಗಂಟಲು ಆ ಮನೆಯಲ್ಲಿ ಕೇಳಿದ್ದು ಅದೇ ಮೊದಲು. ನನಗೆ ಅಳು ಬಂತು, ಖುಷಿಯೂ ಆಯಿತು. ಇನ್ನು ಚೀಟಿ ಯಾಕೆ ಬೇಕು?

ತೃಪ್ತಿ ಎದ್ದು ಅಕ್ಕನ ಹಣೆ ಮುಟ್ಟಿ ನೋಡಿದಳು. "ಅಕ್ಕ ಹೀಗೆ ಮಾತಾಡುವವಳೇ ಅಲ್ಲ. ಪಿತ್ತ ಕೆರಳಿದೆ" ಎಂದು ಒಳಗೆ ಹೋಗಿ ಕೊತ್ತಂಬರಿ, ಜೀರಿಗೆ ಕುದಿಸಿ ತಂದಳು.

ಸುಂದರಿ ನನ್ನ ಮುಖ ನೋಡಿದಳು. ನಾನು ಚೀಟಿಯ ಮೇಲಿನ ಸೀಲು ನೋಡಿದೆ. ಅವಳು ಕಷಾಯ ಕುಡಿದಳು. ಒಳಗಿನಿಂದ ತಾಯಿ ಕರೆದರು. ಸೆರಗಿಗೆ ಬಾಯಿ ಒರೆಸಿಕೊಂಡು ಎದ್ದು ಹೋದಳು.

"ನೋಡಿದ್ರಾ ಟೀಚರ್" ಎಂದ ಪ್ರವೀತ, "ಮದ್ದು ಹಿಡಿಯಿತು."