ಗೋಡೆಯಾಚೆಯ ಹೀರೆಕಾಯಿ

ಅತಿಥಿ ಉಪನ್ಯಾಸಕಿಗೆ ಪಾಠ ಮುಗಿದ ದಿನವೇ ಸಂಬಳವೂ ಮುಗಿಯುತ್ತದೆ. ಮುಂದಿನ ಆಯ್ಕೆಪಟ್ಟಿ ಬರುವವರೆಗಿನ ತಿಂಗಳುಗಳನ್ನು ಹೇಗಾದರೂ ದಾಟಬೇಕು. ಆ ವರ್ಷ ನಾನು ತೀರ್ಥಹಳ್ಳಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆ. ಅದನ್ನು ಬಿಟ್ಟು ನಮ್ಮೂರು ಬ್ಯಾಕೋಡಿಗೆ ಹೋದರೆ ಅಮ್ಮನಿಗೆ ಸಂತೋಷವೇ. ಆದರೆ ಅಲ್ಲಿ ನನ್ನ ಕೋಣೆ ಈಗ ಅಣ್ಣನ ಮಕ್ಕಳದ್ದು. ಒಂಟಿ ಹೆಣ್ಣಿಗೆ ಮನೆ ಕೊಡುವವರನ್ನು ಈ ಊರಿನಲ್ಲಿ ಇನ್ನೊಮ್ಮೆ ಹುಡುಕುವ ಶಕ್ತಿಯೂ ನನಗಿರಲಿಲ್ಲ. ಕೈಯಲ್ಲಿದ್ದದ್ದು ಬಾಡಿಗೆಗೆ ಸರಿಹೋಗುತ್ತಿತ್ತು, ಅಕ್ಕಿ ಊರಿಂದ ಬರುತ್ತಿತ್ತು. ತರಕಾರಿಯನ್ನು ನಾನೇ ಬೆಳೆದುಕೊಂಡರೆ ಮನೆ ಉಳಿಯುತ್ತದೆ ಅಂದುಕೊಂಡೆ. ಸಂಬಳ ನಿಂತಿದೆ ಎಂದು ಯಾರಿಗೂ ಹೇಳಲಿಲ್ಲ, ಅಮ್ಮನಿಗೂ.

ಗದ್ದೆ ಇರುವ ಮನೆಯಲ್ಲಿ ಹುಟ್ಟಿದರೂ ನಾನು ಒಂದು ಗಿಡ ನೆಟ್ಟವಳಲ್ಲ. ಓದುವ ಹುಡುಗಿ ಎಂದು ನನ್ನನ್ನು ಎಲ್ಲ ಕೆಲಸದಿಂದ ಬಿಟ್ಟಿದ್ದರು. ಹಾಗಾಗಿ ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತೆ. ಎಲ್ಲವೂ ಬೆಂಗಳೂರಿನ ತಾರಸಿಗಳ ಮೇಲೆ ಮಾಡಿದ ವಿಡಿಯೋಗಳು. ಅವರು ಹೇಳಿದಂತೆ ಗ್ರೋಬ್ಯಾಗ್ ಎಂಬ ಚೀಲ, ತೆಂಗಿನ ನಾರಿನ ಪುಡಿ, ಹದ ಮಾಡಿದ ಮಣ್ಣು, ಎಲ್ಲವನ್ನೂ ಆನ್‌ಲೈನಿನಲ್ಲಿ ತರಿಸಿದೆ.

"ದುಡ್ಡು ಕೊಟ್ಟು ಮಣ್ಣು ತಗಂಡ್ಯನೇ?" ಅಮ್ಮ ಫೋನಿನಲ್ಲಿ ಕೇಳಿದಳು.

"ಅದು ಬರೀ ಮಣ್ಣಲ್ಲಮ್ಮ."

"ಮತ್ತೆಂತ, ಅದ್ರಾಗೆ ಕುಂಕುಮ ಹಾಕ್ಯಾರಾ?"

ಹಿಂದಿನಿಂದ ಅತ್ತಿಗೆ ನಗುವುದೂ ಕೇಳಿಸಿತು.

ಮಳೆ ಹಿಡಿಯಿತು. ಚೀಲಗಳಲ್ಲಿ ನೀರು ನಿಂತು ಕೊತ್ತಂಬರಿ ಬೀಜ ತೇಲಿಹೋಯಿತು. ಟೊಮೆಟೊ ಸಸಿಗಳು ಬುಡದಲ್ಲೇ ಕೊಳೆತವು. ಮೆಣಸಿನ ಸಸಿಗಳನ್ನು ಬಸವನಹುಳುಗಳು ಕಡ್ಡಿ ಮಾತ್ರ ಉಳಿಸಿ ತಿಂದವು. ದಿನವೂ ಎದ್ದು ಚೀಲ ಬಗ್ಗಿಸಿ ನೀರು ಚೆಲ್ಲುವುದು, ಹುಳು ಆರಿಸುವುದು, ಒದ್ದೆ ಬಟ್ಟೆಯಲ್ಲಿ ಒಳಗೆ ಬಂದು ಅನ್ನಕ್ಕೆ ಮಜ್ಜಿಗೆ ಕಲಸುವುದು. ಚೀಲಕ್ಕೂ ಮಣ್ಣಿಗೂ ಸುರಿದ ದುಡ್ಡಿಗೆ ಸಂತೆಯಲ್ಲಿ ಎಷ್ಟು ತರಕಾರಿ ಬರುತ್ತಿತ್ತು ಎಂದು ಯೋಚಿಸುವುದನ್ನು ಬಿಟ್ಟೆ.

ಬದುಕಿದ್ದು ಹೀರೆ ಬಳ್ಳಿಯೊಂದೇ. ಅಮ್ಮ ಅಕ್ಕಿ ಚೀಲದಲ್ಲಿ ಒಂದು ಒಣಗಿದ ಹೀರೆಕಾಯಿಯನ್ನು ಬೀಜದ ಸಮೇತ ಇಟ್ಟಿದ್ದಳು. ಅದರ ಬೀಜಗಳನ್ನು ಹಿತ್ತಲಿನ ಗೋಡೆಯ ಬುಡದಲ್ಲಿ ನೆಲಕ್ಕೇ ಹಾಕಿದ್ದೆ. ನನ್ನ ಕಡೆ ಮಾಲೀಕರ ಹಲಸಿನ ಮರದ ನೆರಳು. ಬಿಸಿಲು ಬೀಳುವುದು ಗೋಡೆಯ ಆಚೆಗೆ. ಬಳ್ಳಿ ಗೋಡೆ ಹತ್ತಿ, ಹಿಂತಿರುಗಿ ನೋಡದೆ ಆ ಕಡೆ ಇಳಿಯಿತು. ಹೂವೂ ಅಲ್ಲಿ, ಕಾಯಿಯೂ ಅಲ್ಲಿ. ಈ ಕಡೆ ಉಳಿದದ್ದು ಬೇರು ಮತ್ತು ಹಳದಿ ಎಲೆ.

ಆಚೆ ಮನೆಯವರು ಮಗಳನ್ನು ಹೊಸನಗರಕ್ಕೆ ಕೊಟ್ಟಿದ್ದ ಮಧ್ಯವಯಸ್ಸಿನ ಹೆಂಗಸು. ನಮ್ಮ ಸೀಮೆಯಲ್ಲಿ ಬೇಲಿ ದಾಟಿದ ಬಳ್ಳಿಯ ಕಾಯಿ ಅದು ಇಳಿದ ಕಡೆಯವರದ್ದು. ಅದನ್ನು ಯಾರೂ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಅವರು ಕೊಯ್ದು, ಚೀಲ ಕಟ್ಟಿ, ಬಸ್ಸಿನಲ್ಲಿ ಮಗಳಿಗೆ ಕಳಿಸುತ್ತಿದ್ದರು. ನನ್ನನ್ನೂ ಮರೆಯಲಿಲ್ಲ. ಒಂದು ದಿನ ಬಟ್ಟಲಿನಲ್ಲಿ ಹೀರೆಕಾಯಿ ಪಲ್ಯ ತಂದುಕೊಟ್ಟರು. ಬಟ್ಟಲನ್ನು ಬರಿದಾಗಿ ವಾಪಸು ಕೊಡುವಂತಿಲ್ಲ. ಮನೆಯಲ್ಲಿ ಬೇರೇನೂ ಇರಲಿಲ್ಲ. ನನ್ನದೇ ಬಳ್ಳಿಯ ಪಲ್ಯಕ್ಕೆ ಬದಲಾಗಿ ಅಂಗಡಿಯಿಂದ ತಂದ ಸಕ್ಕರೆ ತುಂಬಿ ಕೊಟ್ಟೆ.

ಕೇಳಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಕೇಳಿದರೆ ಯಾಕೆ ಎಂಬುದನ್ನೂ ಹೇಳಬೇಕಾಗುತ್ತದೆ.

ಮಳೆ ಬಿಟ್ಟು ಸ್ವಲ್ಪ ಹೊಳವಾದ ಒಂದು ಬೆಳಿಗ್ಗೆ ಅವರು ಕೊಕ್ಕೆ ಕೋಲು ಹಿಡಿದು ಬಳ್ಳಿಯ ಕೆಳಗೆ ನಿಂತಿದ್ದರು. ನಾನು ಗೋಡೆಯ ಹತ್ತಿರ ಹೋದೆ.

"ಮೇಡಮ್ಮೋರೆ, ನಿಮ್ ಬಳ್ಳಿ ಭಾರಿ ಕಾಯ್ತು ನೋಡಿ. ಇನ್ನೊಂದ್ ಸಲ ಕಳ್ಸಮ್ಮಾ ಅಂತ ಮಗಳು ಫೋನ್ ಮಾಡಿದ್ಲು."

"ಅವನ್ನ ನನಗೆ ಬಿಡ್ತೀರಾ?" ಅಂದೆ, ಎಲೆಗಳ ನಡುವಿನ ಮಿಡಿಗಳತ್ತ ಬೆರಳು ತೋರಿಸಿ.

"ಅಯ್ಯಯ್ಯೋ, ಬೆರಳು ತೋರ್ಸಬ್ಯಾಡಿ ಮಾರಾಯ್ರೆ! ಮಿಡಿ ಕೊಳ್ತು ಹೋಗ್ತದೆ. ಮಡಚಿ ತೋರ್ಸಬೇಕು, ಹಿಂಗೆ. ಎಂತ ಕಲಿಸ್ತಾರಪ್ಪ ಕಾಲೇಜಲ್ಲಿ!"

ನಾನು ಬೆರಳು ಮಡಚಿದೆ. ಇಷ್ಟು ದಿನ ಧೈರ್ಯ ಕೂಡಿಸಿಕೊಂಡು ಹೇಳಿದ ಮಾತು ಆ ಗದ್ದಲದಲ್ಲಿ ಕಳೆದುಹೋಗಿತ್ತು.

"ಎಂತೋ ಅಂದ್ರಲ್ಲ?"

"ಕಾಯಿ ನನಗೆ ಬೇಕಿತ್ತು. ಅಡುಗೆಗೆ." ಅವರು ಕಾಯುತ್ತಿದ್ದರು. "ನನಗೀಗ ಸಂಬಳ ಇಲ್ಲ. ಪಟ್ಟಿ ಬರೋವರೆಗೂ ಇಲ್ಲ."

ಅವರು ಕೋಲು ಕೆಳಗಿಟ್ಟರು.

"ಅಲ್ಲೇ ಮಾರಾಯ್ತಿ, ಬಾಯಿ ಬಿಟ್ಟು ಹೇಳಕ್ಕೆಂತ ಧಾಡಿ ನಿಂಗೆ? ಹೂ ನೋಡಕ್ಕೆ ಹಾಕಿದ್ದು ಅಂದ್ಕಂಡಿದ್ದೆ ನಾನು." ಆ ಕ್ಷಣಕ್ಕೆ ನಾನು ಮೇಡಂ ಆಗಿ ಉಳಿಯಲಿಲ್ಲ. "ಮಗಳಿಗೇನು, ಅವಳ ಗಂಡನ ಮನೇಲಿ ಹಿತ್ಲು ತುಂಬಾ ಅದೆ. ನಾಳೆಯಿಂದ ಗೇಟಲ್ಲಿ ಬಂದು ನೀನೇ ಕೊಯ್ಕ. ನಂಗೂ ಈ ಸೊಂಟ ಇಟ್ಕಂಡು ಕೋಲು ಎತ್ತಕ್ಕಾಗಲ್ಲ."

ಕೊಯ್ದಿದ್ದ ಕಾಯಿಗಳನ್ನು ಗೋಡೆಯ ಮೇಲೆ ಸಾಲಾಗಿ ಇಟ್ಟರು. ಅಂದು ಮಧ್ಯಾಹ್ನ ಹೀರೆಕಾಯಿ ಸಾಂಬಾರು ಮಾಡಿದೆ, ಸಿಪ್ಪೆಯ ಚಟ್ನಿಯನ್ನೂ ಅರೆದೆ. ಹೊಟ್ಟೆ ತುಂಬ ಉಂಡು, ಹಗಲಿನಲ್ಲೇ ಮಲಗಿ ನಿದ್ದೆಹೋದೆ.

ಆಮೇಲಿನ ವಾರಗಳಲ್ಲಿ ಅವರ ಗೇಟು ತೆರೆದು ಒಳಗೆ ಹೋಗುವುದೇ ನನ್ನ ಸಂಪಾದನೆಯಾಯಿತು. ಕಾಯಿ ಕೊಯ್ದು ಹಾಗೇ ಬರುವಂತಿರಲಿಲ್ಲ. ಜಗಲಿಯಲ್ಲಿ ಕೂರಬೇಕು, ಕಾಫಿ ಕುಡಿಯಬೇಕು. ಸಂಬಳ ಬಂದಾಗ ಎಷ್ಟು ಬರುತ್ತದೆ, ಅಣ್ಣ ಏನೂ ಕೊಡುವುದಿಲ್ಲವೇ, ಮದುವೆ ಯಾಕಾಗಿಲ್ಲ, ಎಲ್ಲಕ್ಕೂ ಉತ್ತರ ಕೊಡಬೇಕು. ಕೆಲವೇ ದಿನಗಳಲ್ಲಿ ಬೀದಿಗೆಲ್ಲ ವಿಷಯ ಗೊತ್ತಾಯಿತು. ಯಾರೋ ಬಾಗಿಲಲ್ಲಿ ಬಸಳೆಸೊಪ್ಪು ಇಟ್ಟುಹೋಗುತ್ತಿದ್ದರು, ಯಾರೋ ಕೆಸುವಿನ ಎಲೆ. ಯಾರೆಂದು ವಿಚಾರಿಸಿ ಕೃತಜ್ಞತೆ ಹೇಳುವುದು ಇನ್ನೊಂದು ಕೆಲಸ. ತರಕಾರಿಗೆ ದುಡ್ಡು ಕೊಡದೆ ತಿಂಗಳುಗಳು ಕಳೆದವು. ಮನೆ ಉಳಿಯಿತು. ಸಂಜೆಯಾದರೆ ಬಾಗಿಲು ಹಾಕಿಕೊಂಡು, ಮಾತಾಡಿ ಸುಸ್ತಾಗಿ ಗೋಡೆಗೆ ಒರಗಿ ಕೂರುತ್ತಿದ್ದೆ.

ಕೊನೆಗೆ ಪಟ್ಟಿ ಬಂತು, ಅದರಲ್ಲಿ ನನ್ನ ಹೆಸರೂ ಇತ್ತು. ತರಗತಿ ಶುರುವಾದ ಮೊದಲ ವಾರ ಒಂದು ಬೆಳಿಗ್ಗೆ ನಾನು ಕಾಲೇಜಿನ ಗೇಟಿನ ಹತ್ತಿರ ಬಂದಾಗ, ಮುಂದಿನ ಬಸ್ ನಿಲ್ದಾಣದಲ್ಲಿ ನನ್ನ ವಿದ್ಯಾರ್ಥಿನಿಯರು ಗುಂಪಾಗಿ ನಿಂತಿದ್ದರು. ರಸ್ತೆಯ ಆಚೆಯಿಂದ ಆಚೆ ಮನೆಯವರು ಕೈಬೀಸಿ ಕೂಗಿದರು.

"ಸಂಬಳ ಬಂತನೇ?"

ಹುಡುಗಿಯರೆಲ್ಲ ನನ್ನತ್ತ ತಿರುಗಿದರು. ಕೇಳಿಸಲಿಲ್ಲ ಎಂಬಂತೆ ಗೇಟಿನೊಳಗೆ ನಡೆದುಬಿಡಬಹುದಿತ್ತು.

"ಇನ್ನೂ ಇಲ್ಲ," ಎಂದು ನಾನೂ ಕೂಗಿದೆ.

"ಹಂಗಾರೆ ಸಂಜೆ ಬಾ. ಬದ್ನೆಕಾಯಿ ಅದೆ."

"ಬರ್ತೀನಿ," ಅಂದೆ. ಮೊದಲ ಗಂಟೆ ಹೊಡೆಯಿತು.