ಮೇಜರ್ ಕುಡಿದ ಕಾಫಿ

ಧಡ್, ಧಡ್, ಧಡ್. ಲಾರಿಯ ಹಿಂದಿನ ಹಲಗೆಯ ಮೇಲೆ ಕುದುರೆ ಇಳಿಯುವ ಸದ್ದು. ಮೊದಲ ಮೂರು ಹೆಜ್ಜೆ ನಿಧಾನ, ಆಮೇಲೆ ನಾಲ್ಕೂ ಗೊರಸು ಸೇರಿ ಡಬಡಬ, ಕೊನೆಗೆ ಮಣ್ಣು ಸಿಕ್ಕಿದ ಕೂಡಲೇ ಸದ್ದೇ ಇಲ್ಲ. ನಮ್ಮ ಡೊಂಬಿವಲಿಯ ಬಿಲ್ಡಿಂಗಿನಲ್ಲಿ ಮೇಲಿನ ಮನೆಯವರು ಮಂಚ ಎಳೆದರೂ ಸಾಕು, ಈಗಲೂ ನನಗೆ ಆ ಬೆಳಗ್ಗೆ ನೆನಪಾಗುತ್ತದೆ.

ಲಾಕ್‌ಡೌನ್ ಎಲ್ಲ ಮುಗಿದು ಎರಡನೆಯ ಡಿಸೆಂಬರ್ ಅದು. ನನಗೆ ಎಪ್ಪತ್ತನಾಲ್ಕು, ಮೊಮ್ಮಗಳು ತನ್ವಿಗೆ ಹದಿನೆಂಟು ತುಂಬಿತ್ತು.

ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಬಂದದ್ದು ಡೊಂಬಿವಲಿಗೆ, ಸ್ಟೇಷನ್ ಹತ್ತಿರ ವೆಜಿಟೇರಿಯನ್ ಹೋಟೆಲ್ ಇದ್ದ ಉಡುಪಿಯ ಮನೆತನಕ್ಕೆ. ನಮ್ಮಲ್ಲಿ ಕುದುರೆ ಹತ್ತಿದವರು ಯಾರೂ ಇಲ್ಲ. ಕುದುರೆ ಅಂದರೆ ನನಗೆ ಗೊತ್ತಿದ್ದದ್ದು ಮಾಥೇರಾನಿನ ಬಾಡಿಗೆ ಕುದುರೆ ಮಾತ್ರ. ತನ್ವಿ ಹತ್ತು ವರ್ಷದವಳಿದ್ದಾಗ ಕಲ್ಯಾಣದಿಂದಾಚೆ ಮುರ್ಬಾಡ್ ರಸ್ತೆಯ ರೈಡಿಂಗ್ ಕ್ಲಬ್ಬಿಗೆ ಯಾರದೋ ಬರ್ತ್‌ಡೇ ಪಾರ್ಟಿಗೆಂದು ಹೋದಳು. ಮೈ ಮಾತ್ರ ಮನೆಗೆ ಬಂತು, ಮನಸ್ಸು ಅಲ್ಲೇ ಉಳಿಯಿತು.

ಅವಳು ಆಡುವ ಆಟಕ್ಕೆ ಈವೆಂಟಿಂಗ್ ಎಂದು ಹೆಸರು. ಒಂದೇ ಕುದುರೆಗೆ ಮೂರು ಪರೀಕ್ಷೆ. ಮೊದಲನೆಯದು ಡ್ರೆಸಾಜ್, ನಾನು ಅದನ್ನು ಕುದುರೆಯ ಭರತನಾಟ್ಯ ಎನ್ನುತ್ತಿದ್ದೆ. ಎರಡನೆಯದು ಬಣ್ಣದ ಕಂಬಗಳನ್ನು ಬೀಳಿಸದೆ ಹಾರುವುದು. ಮೂರನೆಯದು ಕ್ರಾಸ್ ಕಂಟ್ರಿ, ಬಯಲಿನಲ್ಲಿ ಮರದ ದಿಮ್ಮಿ, ಹಳ್ಳ, ನೀರು ಎಲ್ಲ ದಾಟಿಕೊಂಡು ಓಡುವುದು. ಅದು ಮುಗಿಯುವಷ್ಟರಲ್ಲಿ ನಾನು ವಿಷ್ಣು ಸಹಸ್ರನಾಮದ ಅರ್ಧ ಮುಗಿಸಿರುತ್ತಿದ್ದೆ.

ಆ ದಿನ ತನ್ವಿಗೆ ಎರಡು ಕುದುರೆ. ಒಂದು ಮೇಜರ್, ಹದಿನೆಂಟು ವರ್ಷದ ಹಿರಿಯ, ಎಷ್ಟೋ ಸ್ಪರ್ಧೆ ಕಂಡವನು. ಕುಳಿತವರಿಗೆ ಗೊತ್ತಿಲ್ಲದಿದ್ದರೂ ಅವನಿಗೆ ಗೊತ್ತಿರುತ್ತಿತ್ತು. ಇನ್ನೊಂದು ಕೋಕಮ್, ಐದು ವರ್ಷದ ಹೆಣ್ಣು ಕುದುರೆ, ಹೆಸರಿಗೆ ತಕ್ಕ ಹಾಗೆ ಪುನರ್ಪುಳಿ ಹಣ್ಣಿನದೇ ಬಣ್ಣ, ತನ್ನ ನೆರಳಿಗೇ ಬೆಚ್ಚುವವಳು. ಕೋಕಮ್‌ಗೆ ಅದು ಮೊದಲ ಸ್ಪರ್ಧೆ, ಅನುಭವಕ್ಕೆ ಅಷ್ಟೇ. ನಿಜವಾದ ವಿಷಯ ಮೇಜರನದು. ಅವನ ಮೇಲೆ ಚೆನ್ನಾಗಿ ಮಾಡಿದರೆ ಜೂನಿಯರ್ ಟೀಮಿಗೆ ಸೆಲೆಕ್ಷನ್. ಹೊಸ ವರ್ಷ ಹುಟ್ಟಿದರೆ ತನ್ವಿಗೆ ಜೂನಿಯರಿನ ವಯಸ್ಸು ದಾಟುತ್ತದೆ, ಮೇಜರನಿಗೂ ರಿಟೈರ್‌ಮೆಂಟ್. ಇಬ್ಬರಿಗೂ ಅದೇ ಕೊನೆಯ ಚಾನ್ಸ್.

ಈ ಎರಡೂ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದವನು ಬಬನ್. ಅರುವತ್ತರ ಹತ್ತಿರದವನು, ಕಸಾರಾ ಕಡೆಯವನು. ಕುದುರೆಯ ಮೈ ಉಜ್ಜುವುದು, ಮೇವು ಹಾಕುವುದು, ಲಗಾಮು ಹಿಡಿದು ನಡೆಸುವುದು, ಹೀಗೆ ನಲವತ್ತು ವರ್ಷ. ನನ್ನನ್ನು ಆಜೀ ಎನ್ನುತ್ತಿದ್ದ. ಭಾನುವಾರ ನಾನು ಕ್ಲಬ್ಬಿಗೆ ಹೋದಾಗಲೆಲ್ಲ ಅವನಿಗೂ ಫ್ಲಾಸ್ಕಿನಿಂದ ಕಾಫಿ.

ಹೋಟೆಲಿನವರ ಮನೆಯಲ್ಲಿ ಕಾಫಿ ಕೊಡದೆ ಯಾರನ್ನೂ ಕಳಿಸುವ ಪದ್ಧತಿ ಇಲ್ಲ. ಮೀಟರ್ ನೋಡಲು ಬಂದವನಿಗೂ ಕೊಡಬೇಕು, ಲಿಫ್ಟ್ ರಿಪೇರಿಯವನಿಗೂ ಕೊಡಬೇಕು. ನನ್ನ ಅತ್ತೆ ಕಲಿಸಿದ್ದು ಅದೊಂದೇ, ಅದು ರಕ್ತಕ್ಕೆ ಇಳಿದುಬಿಟ್ಟಿದೆ. ಒಂದು ಭಾನುವಾರ ಮೇಜರ್ ಮೂತಿ ಚಾಚಿ ನನ್ನ ಲೋಟದ ನೊರೆ ನೆಕ್ಕಿದ. ಆಮೇಲೆ ಅದೇ ರೂಢಿಯಾಯಿತು. ಲೋಟದ ತಳದಲ್ಲಿ ಒಂದು ಗುಟುಕು ಅವನಿಗೆಂದೇ ಬಿಡುತ್ತಿದ್ದೆ. ಬಬನ್ ನಗುತ್ತ, ನಿಮ್ಮ ಗಿರಾಕಿ ಬಂದ ನೋಡಿ ಆಜೀ, ಎನ್ನುತ್ತಿದ್ದ.

ಸ್ಪರ್ಧೆ ಪನ್ವೇಲ್ ಕಡೆಯ ಒಂದು ಮೈದಾನದಲ್ಲಿ. ಮಗ ಕಾರಿನಲ್ಲಿ ನನ್ನನ್ನು ಅಲ್ಲಿ ಬಿಟ್ಟು, ಹೋಟೆಲಿನ ಕೆಲಸಕ್ಕೆ ತುರ್ಭೆ ಮಾರ್ಕೆಟ್ಟಿಗೆ ಹೋದ. ಲಾರಿಯಿಂದ ಕುದುರೆಗಳು ಇಳಿದವು. ಬಬನ್ ಬಕೆಟ್ ಹಿಡಿದು ನೀರಿಗೆ ಹೋದ. ತನ್ವಿ ಬೂಟು ಹಾಕಿಕೊಳ್ಳುತ್ತಿದ್ದಳು. ಮೇಜರ್ ಕಟ್ಟಿದಲ್ಲಿಂದಲೇ ನನ್ನ ಚೀಲದತ್ತ ಕಿವಿ ನಿಮಿರಿಸಿದ. ನಾನು ಯೋಚಿಸಿದೆ, ಪಾಪ, ಎಂಥ ದೊಡ್ಡ ದಿನ ಇವನಿಗೆ, ಇವತ್ತು ಎಂಜಲು ಗುಟುಕು ಯಾಕೆ. ಒಂದು ಸ್ಟೀಲ್ ಬೋಗುಣಿಯಲ್ಲಿ ಪೂರಾ ಕಾಫಿ ಸುರಿದೆ, ಗಟ್ಟಿ ಡಿಕಾಕ್ಷನ್ನಿನದು, ಆರಿಸಿ ಕೊಟ್ಟೆ. ಅವನು ಕಣ್ಣು ಅರೆಮುಚ್ಚಿ ಕುಡಿದ. ನನಗೆ ಎಷ್ಟು ಖುಷಿಯಾಯಿತೆಂದು ಹೇಳಲಾರೆ.

ಬಬನ್ ನೀರು ತಂದವನು ಮೇಜರನ ಮೂತಿಯ ನೊರೆ ನೋಡಿದ. ಆಮೇಲೆ ನನ್ನ ಕೈಯ ಬೋಗುಣಿ ನೋಡಿದ. ಬಕೆಟ್ ಕೆಳಗಿಟ್ಟ.

"ಎಷ್ಟು ಕೊಟ್ಟಿರಿ, ಆಜೀ?"

ನಾನು ಹೆಮ್ಮೆಯಿಂದಲೇ ಹೇಳಿದೆ, ತುಂಬಾ ಕೊಟ್ಟೆ ಎಂದು.

ಅವನು ತಗ್ಗಿದ ದನಿಯಲ್ಲಿ ವಿವರಿಸಿದ. ಸ್ಪರ್ಧೆಯ ದಿನ ಕುದುರೆಯ ಹೊಟ್ಟೆಯಲ್ಲಿ ಕಾಫಿ ಚಹಾ ಯಾವುದೂ ಇರುವಂತಿಲ್ಲ. ಕಾಫಿಯೊಳಗಿನದು ಕುದುರೆಯನ್ನು ಚುರುಕು ಮಾಡುವ ಮದ್ದು ಎಂದೇ ಲೆಕ್ಕ. ಡಾಕ್ಟರ್ ಯಾವ ಕುದುರೆಯ ರಕ್ತವನ್ನಾದರೂ ಟೆಸ್ಟ್ ಮಾಡಬಹುದು. ಸಿಕ್ಕಿಬಿದ್ದರೆ ಡೋಪಿಂಗ್, ತನ್ವಿಯ ಹೆಸರು ಹಾಳು, ಮುಂದೆ ಆಡಲೂ ಬಿಡಲಿಕ್ಕಿಲ್ಲ. ಭಾನುವಾರದ ಗುಟುಕಿಗೆ ತಾನು ಸುಮ್ಮನಿದ್ದದ್ದೇ ತಪ್ಪಾಯಿತು ಎಂದ.

ಮೈ ಗುಡ್‌ನೆಸ್. ಈಗ ಏನು ಮಾಡುವುದು ಎಂದೆ.

"ನೀವು ಏನೂ ಮಾತಾಡಬೇಡಿ. ನಾನಿದ್ದೇನೆ."

ಅವನು ನೇರ ಕೋಚ್ ಹತ್ತಿರ ಹೋದ. ಕೋಚ್ ಎಂದರೆ ಸೈನ್ಯದ ಕುದುರೆ ಪಡೆಯಲ್ಲಿದ್ದು ರಿಟೈರ್ ಆದವರು, ಎಲ್ಲರೂ ಸಾಬ್ ಎನ್ನುತ್ತಿದ್ದರು. ಬಬನ್ ತಲೆ ತಗ್ಗಿಸಿ ಹೇಳಿದ್ದು ನನಗೂ ಕೇಳಿಸಿತು. ಮೇಜರ್ ಕಾಫಿ ಕುಡಿದಿದ್ದಾನೆ ಸಾಬ್, ನಾನೇ ಕುಡಿಸಿದೆ, ಮರೆತು.

ಸಾಬ್ ಕೂಗಾಡಲಿಲ್ಲ, ಅದು ಇನ್ನೂ ಕಷ್ಟ. ನಲವತ್ತು ವರ್ಷ ಕುದುರೆ ಜೊತೆ ಇದ್ದು ಕತ್ತೆ ಬುದ್ಧಿ ಬಂತೇ ಎಂದರು. ನಾಳೆಯಿಂದ ಬರಬೇಡ ಎಂದರು. ಸುತ್ತ ಬೇರೆ ಕ್ಲಬ್ಬಿನವರು ನಿಂತು ನೋಡುತ್ತಿದ್ದರು. ತನ್ವಿ ಒಂದು ಬೂಟು ಹಾಕಿ ಇನ್ನೊಂದು ಕೈಯಲ್ಲಿ ಹಿಡಿದು ಕುಂಟುತ್ತ ಬಂದಳು. "ಬಬನ್ ಕಾಕಾ, ಕ್ಯೂಂ?" ಎಂದಳು, ಅಷ್ಟೇ. ಅವಳ ಮುಖ ಬಿಳುಚಿತ್ತು. ಆ ವಯಸ್ಸಿನಲ್ಲಿ ಕೆಲಸ ಹೋದರೆ ಬಬನ್‌ನನ್ನು ಯಾವ ಲಾಯದವರು ಕರೆಯುತ್ತಾರೆ?

ಇಲ್ಲಿ ಸತ್ಯ ಹೇಳಬೇಕು. ನಾನು ತಕ್ಷಣ ಬಾಯಿ ಬಿಡಲಿಲ್ಲ. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನಿಂತೆ, ಅದು ಯಾವಾಗಲೋ ಬಿಗಿಯಾಗಿತ್ತು, ಆದರೂ ತಿರುಗಿಸುತ್ತಲೇ ಇದ್ದೆ. ಮನೆಯಲ್ಲಿ ತನ್ವಿ ನನ್ನನ್ನು ಹೇಗೆ ನೋಡುತ್ತಾಳೋ ಎಂಬ ಹೆದರಿಕೆ. ಕಾನ್ವೆಂಟಿನಲ್ಲಿ ಕ್ಲಾಸಿನ ಬಾಗಿಲ ಹೊರಗೆ ಸಾಲಾಗಿ ನಿಲ್ಲಿಸಿ, ಮಾಡಿದವರು ಒನ್ ಸ್ಟೆಪ್ ಫಾರ್ವರ್ಡ್ ಎನ್ನುತ್ತಿದ್ದ ನಮ್ಮ ಸಿಸ್ಟರ್ ನೆನಪಾದರು. ಆಗಲೂ ನಾನು ಒಮ್ಮೆಯೂ ಮುಂದೆ ಬಂದವಳಲ್ಲ. ಗೆಳತಿಯರನ್ನು ನೋಡುತ್ತ ನಿಲ್ಲುತ್ತಿದ್ದೆ. ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಮೊದಲ ಸಲ ಆ ಹೆಜ್ಜೆ ಇಟ್ಟೆ.

"ಸಾಬ್, ಅವನಲ್ಲ. ಕುಡಿಸಿದ್ದು ನಾನು," ಎಂದೆ. ನನ್ನ ಹರಕು ಹಿಂದಿಯಲ್ಲಿ ಹೇಳಿದ್ದು ಸಾಲದೆಂದು ಇಂಗ್ಲಿಷಿನಲ್ಲೂ ಹೇಳಿದೆ. ಬೋಗುಣಿ ಎತ್ತಿ ತೋರಿಸಿದೆ.

ಸಾಬ್ ನನ್ನನ್ನು ನೋಡಿದರು, ಬಬನ್‌ನನ್ನು ನೋಡಿದರು. ಹಿರಿಯ ಹೆಂಗಸನ್ನು ಬೈಯುವ ವಿದ್ಯೆ ಅವರಿಗೆ ಸೈನ್ಯದಲ್ಲಿ ಕಲಿಸಿರಲಿಲ್ಲ ಎಂದು ಕಾಣುತ್ತದೆ. ಮೇಜರನ ಹತ್ತಿರ ಹೋಗಿ ಅವನ ಕೊರಳಿನ ಮೇಲೆ ಕೈಯಿಟ್ಟು ನಿಂತರು. ತನ್ವಿ ನನ್ನತ್ತ ನೋಡಲೇ ಇಲ್ಲ. ಎರಡನೇ ಬೂಟು ಹಾಕಿಕೊಂಡು, ಆಫೀಸಿನ ಟೆಂಟಿಗೆ ನಡೆದು, ತಾನೇ ಮೇಜರನ ಹೆಸರು ಹೊಡೆದುಹಾಕಿಸಿ ಬಂದಳು. ಎಂಟು ವರ್ಷದ ಆಸೆ ಒಂದು ಬೋಗುಣಿ ಕಾಫಿಗೆ ಹೋಯಿತು.

ಉಳಿದದ್ದು ಕೋಕಮ್. ಸೆಲೆಕ್ಷನ್ ಇಲ್ಲದ ಚಿಕ್ಕ ಕ್ಲಾಸಿನಲ್ಲಿ.

ಡ್ರೆಸಾಜಿನಲ್ಲಿ ಕೋಕಮ್ ಬಾಲ ಎತ್ತಿಕೊಂಡು, ಮೇಜರ್ ಇದ್ದ ದಿಕ್ಕಿಗೆ ಕೂಗು ಹಾಕುತ್ತ, ವೃತ್ತದಲ್ಲಿ ಸುತ್ತು ಎಂದರೆ ಚೌಕದಲ್ಲಿ ಸುತ್ತಿದಳು. ಜಂಪಿಂಗಿನಲ್ಲಿ ಎರಡು ಕಂಬ ಬಿತ್ತು. ನಾನು ಒಬ್ಬಳೇ ಕ್ರಾಸ್ ಕಂಟ್ರಿಯ ನೀರಿನ ಹೊಂಡದ ಹತ್ತಿರ ಹಗ್ಗದ ಹೊರಗೆ ನಿಂತೆ. ತನ್ವಿಯ ಕಣ್ಣಿಗೆ ಬೀಳದ ಹಾಗೆ ಒಂದು ಹುಣಸೆಮರದ ಮರೆಗೆ.

ಅವಳು ಬಂದಳು. ದಿಮ್ಮಿ ದಾಟಿತು, ಹಳ್ಳ ದಾಟಿತು. ನೀರು ಕಂಡ ಕೂಡಲೇ ಕೋಕಮ್ ನಾಲ್ಕೂ ಕಾಲು ಊರಿ ನಿಂತಳು. ತನ್ವಿ ತಿರುಗಿಸಿ ಮತ್ತೆ ತಂದಳು, ಕೋಕಮ್ ಮತ್ತೆ ನಿಂತಳು. ಮೂರನೇ ಸಲ ನಿರಾಕರಿಸಿದರೆ ಔಟ್. ಹೊರಗಿನವರು ಯಾರೂ ಸಹಾಯಕ್ಕೆ ಬಾಯಿ ಬಿಡುವಂತಿಲ್ಲ, ಅದೂ ರೂಲ್. ಆ ದಿನ ಒಂದು ರೂಲ್ ಮುರಿದದ್ದು ಸಾಕಾಗಿತ್ತು, ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಮೇಜರ್ ಆಗಿದ್ದರೆ ಅವನೇ ತನ್ವಿಯನ್ನು ದಾಟಿಸುತ್ತಿದ್ದ. ಇಲ್ಲಿ ದಾಟಿಸಬೇಕಾದವಳು ಅವಳು. ಅವಳು ಚಾಟಿ ಎತ್ತಲಿಲ್ಲ. ಲಗಾಮು ಸಡಿಲ ಬಿಟ್ಟು ಮುಂದಕ್ಕೆ ಬಾಗಿ ಕುದುರೆಯ ಕಿವಿಯ ಹತ್ತಿರ ಮಾತಾಡಿದಳು.

"ಬಾ ಪುಟ್ಟಾ, ಬಾ. ನೀರಲ್ವಾ, ಎಂಥದ್ದೂ ಮಾಡುದಿಲ್ಲ. ಕಣ್ಣು ಮುಚ್ಚು, ಒಂದೇ ಚೊಂಬು."

ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರ ಕೊಡುವ ಹುಡುಗಿ ಅವಳು. ತಲೆಗೆ ನೀರು ಹಾಕುವಾಗ ಅಳುತ್ತಿದ್ದ ಮಗುವಿಗೆ ಬಚ್ಚಲಲ್ಲಿ ನಾನು ಹೇಳುತ್ತಿದ್ದ ಮಾತು, ಒಂದಕ್ಷರ ಬಿಡದೆ. ಅವಳಿಗೆ ನೆನಪಿದೆ ಎಂದೇ ನನಗೆ ಗೊತ್ತಿರಲಿಲ್ಲ.

ಕೋಕಮ್ ಒಂದು ಕಾಲು ಇಟ್ಟಳು. ತೆಗೆದಳು. ಮತ್ತೆ ಇಟ್ಟಳು. ಆಮೇಲೆ ಧುಮುಕಿದಳು ನೋಡಿ, ನನ್ನ ಸೀರೆಯ ಅರ್ಧ ಒದ್ದೆ. ಆಚೆ ದಡ ಹತ್ತಿದವಳು ಓಡಿದ ಓಟಕ್ಕೆ ಹಿಂದೆ ಬಾಲ ಧ್ವಜದ ಹಾಗೆ.

ಪಟ್ಟಿಯಲ್ಲಿ ಅವರ ಹೆಸರು ಕೆಳಗಿನಿಂದ ಮೂರನೆಯದು. ಮುಗಿಸಿದರು ಎಂಬುದೇ ದೊಡ್ಡದು. ಸಂಜೆ ತನ್ವಿ ನನ್ನ ಹತ್ತಿರ ಬಂದು ನಿಂತಳು. ಕಣ್ಣು ಊದಿತ್ತು. ಒಬ್ಬಳೇ ಕೂತು ಅತ್ತದ್ದು ಗೊತ್ತಾಗುತ್ತಿತ್ತು.

"ಅಜ್ಜಿ, ಐ ಆಮ್ ಸ್ಟಿಲ್ ಆಂಗ್ರಿ. ಮಂಗಳ್‌ವಾರ್ ತಕ್ ಬಾತ್ ನಹೀಂ ಕರೂಂಗಿ."

ಆಗಲಿ ಎಂದೆ. ಕಾರಿನಲ್ಲಿ ಕಳಂಬೋಲಿ ದಾಟುವಷ್ಟರಲ್ಲಿ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಆದರೆ ಮಂಗಳವಾರದವರೆಗೆ ಮಾತಾಡಲಿಲ್ಲ, ಅದು ನಿಜ. ಹಟದಲ್ಲಿ ನನ್ನ ಹಾಗೆಯೇ.

ಸಾಬ್ ಬಬನ್‌ನ ಕ್ಷಮೆ ಕೇಳಿದರೋ ಇಲ್ಲವೋ ನಾನು ಕಾಣೆ. ಮರುದಿನ ಎಂದಿನಂತೆ ಕೆಲಸಕ್ಕೆ ಹೋಗಿದ್ದಾನೆ ಎಂದು ಮಗ ವಿಚಾರಿಸಿ ಹೇಳಿದ. ನಾನು ಮಾತ್ರ ಅವನೆದುರು ಹೋಗಲು ನಾಚಿ ಎಷ್ಟೋ ಭಾನುವಾರ ತಪ್ಪಿಸಿದೆ. ಅಷ್ಟರಲ್ಲಿ ಮೇಜರನನ್ನು ಸಾಬ್ ಪರಿಚಯದವರ ಹುಲ್ಲುಗಾವಲಿಗೆ ಕಳಿಸಿದರು, ಬಬನ್ ಕೂಡ ಕೆಲಸ ಬಿಟ್ಟ ಎಂದು ಕೇಳಿದೆ.

ಬಬನ್‌ನನ್ನು ಕೊನೆಯ ಸಲ ನೋಡಿದ್ದು ಕಲ್ಯಾಣ ಸ್ಟೇಷನ್ನಿನಲ್ಲಿ. ಸೊಸೆಯ ಜೊತೆ ಕಣ್ಣಿನ ಡಾಕ್ಟರರಿಗೆ ತೋರಿಸಿ ಬರುತ್ತಿದ್ದೆ. ಪ್ಲಾಟ್‌ಫಾರ್ಮಿನಲ್ಲಿ ಒಂದು ಟ್ರಂಕಿನ ಪಕ್ಕ ಅವನು ನಿಂತಿದ್ದ, ಊರಿಗೆ, ಮಗಳ ಮನೆಗೆ ಹೊರಟಿದ್ದ. ಆಜೀ ಎಂದು ಅವನೇ ಕರೆದ. ತನ್ವಿ ಹೇಗಿದ್ದಾಳೆ, ಕೋಕಮ್ ಈಗ ನೀರಿಗೆ ಇಳಿಯುತ್ತಾಳಂತೆ ಹೌದೇ ಎಂದೆಲ್ಲ ಕೇಳಿದ. ನಾನು ಎಷ್ಟೋ ತಿಂಗಳಿಂದ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಕೇಳಿದೆ. ನನ್ನ ತಪ್ಪನ್ನು ಯಾಕಪ್ಪಾ ನಿನ್ನ ತಲೆಗೆ ಹಾಕಿಕೊಂಡೆ?

ಅವನಿಗೆ ಆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು.

"ಸಾಬ್ ಬೈದದ್ದು ನನಗೆ ಸಂಜೆಗೆ ಮರೆತುಹೋಗುತ್ತದೆ, ಆಜೀ. ಆದರೆ ಪೋರಿ ದಿನಾ ನಿಮ್ಮ ಕೈಯಲ್ಲೇ ಉಣ್ಣಬೇಕಲ್ಲ."

ಕಸಾರಾ ಲೋಕಲ್ ಬಂತು. ನಾನು ಅವನ ಕೈ ಹಿಡಿದುಕೊಂಡೆ. ಮಧ್ಯಾಹ್ನದ ಗಾಡಿ, ಒಳಗೆ ಬೇಕಾದಷ್ಟು ಸೀಟು ಖಾಲಿ ಇತ್ತು. ಅವನು ಟ್ರಂಕನ್ನು ಸೀಟಿನ ಮೇಲಿಟ್ಟು ತಾನು ಬಾಗಿಲ ಹತ್ತಿರ ನಿಂತ. ಜೀವಮಾನವಿಡೀ ಲಾರಿಯಲ್ಲಿ ಕುದುರೆಗಳ ಜೊತೆ ನಿಂತೇ ಹೋದವನು. ಗಾಡಿ ಜಗ್ಗಿ ಹೊರಟಿತು. ಕಾಲು ಸ್ವಲ್ಪ ಅಗಲಿಸಿ, ಏನನ್ನೂ ಹಿಡಿದುಕೊಳ್ಳದೆ, ಅವನು ಅಲುಗದೆ ನಿಂತಿದ್ದ, ಪ್ಲಾಟ್‌ಫಾರ್ಮ್ ಮುಗಿಯುವವರೆಗೂ ನನ್ನ ಕಡೆಗೇ ನೋಡುತ್ತ.